ಕಾಲಿನ ಬಾವು, ತೊಡೆಸಂದಿನ ಗಂಟು: ನಮ್ಮ ದೇಹದ ಕಾವಲು ಪಡೆಯನ್ನು ತಿಳಿಯೋಣ



ಸಭೆಗೆ ಬಾರದ ಸದಸ್ಯೆಗೆ ದಂಡ ಹಾಕುವುದು ನಮ್ಮ ಹೆಚ್ಚಿನ ಸಂಘಗಳಲ್ಲಿ ಇರುವ ನಿಯಮ. ಕೆಲವು ವರ್ಷಗಳ ಹಿಂದೆ ಕಲಬುರಗಿ ಕಡೆಯ ಒಂದು ಹಳ್ಳಿಯ ಸಂಘದಲ್ಲಿ ಒಬ್ಬ ಸದಸ್ಯೆ ಮೇಲಿಂದ ಮೇಲೆ ಸಭೆ ತಪ್ಪಿಸುತ್ತಿದ್ದರು. ಬಂದಾಗಲೂ ಎಲ್ಲರಿಗಿಂತ ಹಿಂದೆ, ಗೋಡೆ ಬದಿಗೆ ಕೂರುತ್ತಿದ್ದರು. ಸೀರೆಯನ್ನು ನೆಲಕ್ಕೆ ತಾಗುವಂತೆ ಇಳಿಸಿ ಉಡುತ್ತಿದ್ದರು. ಮೇಕೆ ಕೊಳ್ಳಲು ಪಡೆದ ಸಾಲದ ಕಂತೂ ನಿಂತಿತ್ತು. ಸಂಘದವರು ದಂಡ ಹಾಕಿದರು. ನಾವೂ ನಡಾವಳಿ ಪುಸ್ತಕ ನೋಡಿ, "ನಿಯಮ ಎಲ್ಲರಿಗೂ ಒಂದೇ" ಎಂದು ಹೇಳಿ ಬಂದೆವು.

ಆಮೇಲೆ ಒಂದು ದಿನ ಅವರ ಮನೆಗೆ ಹೋದಾಗ ನಿಜ ಗೊತ್ತಾಯಿತು. ಚಳಿಜ್ವರದಿಂದ ನಡುಗುತ್ತಾ ಮಲಗಿದ್ದರು. ಬಲಗಾಲು ಮೊಣಕಾಲಿನ ತನಕ ಬಾತು, ಕೆಂಪಾಗಿ, ಮುಟ್ಟಿದರೆ ಸುಡುತ್ತಿತ್ತು. "ಏನು ಮಾಡ್ಲಿ ಸಿಸ್ಟರ್, ಚಪ್ಪಲಿ ಕಾಲಿಗಿ ಹಿಡಿಯಂಗಿಲ್ಲ. ಮಂದಿ ಮುಂದ ಹ್ಯಾಂಗ ಬಂದು ಕೂಡ್ಲಿ?" ಎಂದರು. ಮೇಕೆಯ ದುಡ್ಡು ಅಲ್ಲಿ ಇಲ್ಲಿ ಔಷಧಿಗೆ, ಲೇಪಕ್ಕೆ, ಸೂಜಿಗೆ ಖರ್ಚಾಗಿತ್ತು. ಅದು ಆನೆಕಾಲು ರೋಗ. ನಮಗೆ ಬಹಳ ನಾಚಿಕೆಯಾಯಿತು. ಸಮಾಜ ಕಾರ್ಯ ಓದಿದ ನಾವೇ ಆ ಸೀರೆಯ ಅಂಚಿನ ಕೆಳಗೆ ಏನಿದೆ ಎಂದು ಕೇಳಿರಲಿಲ್ಲ.

ಅದಕ್ಕೇ ಈ ತಿಂಗಳ ಪಾಠ. ರೋಗಾಣುಗಳ ವಿರುದ್ಧ ನಮ್ಮ ದೇಹ ಹೇಗೆ ಹೋರಾಡುತ್ತದೆ, ಆ ಹೋರಾಟದ ದಾರಿ ಕಟ್ಟಿಕೊಂಡರೆ ಏನಾಗುತ್ತದೆ, ಮನೆಯಲ್ಲೇ ನಾವು ಏನು ಮಾಡಬಹುದು ಎಂಬುದನ್ನು ನಿಧಾನವಾಗಿ ತಿಳಿಯೋಣ. ಓದಲು ಬರುವ ಒಬ್ಬರು ಜೋರಾಗಿ ಓದಿ, ಉಳಿದವರು ಕೇಳಿ.

ರಕ್ತವಲ್ಲದ ಇನ್ನೊಂದು ರಸ

ನಮ್ಮ ಮೈಯಲ್ಲಿ ರಕ್ತ ಹರಿಯುವುದು ಎಲ್ಲರಿಗೂ ಗೊತ್ತು. ಕೈ ಕೊಯ್ದರೆ ಕಾಣುತ್ತದೆ. ಆದರೆ ರಕ್ತದ ಜೊತೆಗೆ ಇನ್ನೊಂದು ರಸವೂ ಹರಿಯುತ್ತದೆ. ಅದಕ್ಕೆ ದುಗ್ಧರಸ ಎನ್ನುತ್ತಾರೆ. ದುಗ್ಧ ಅಂದ್ರೆ ಹಾಲು. ನಾವು ಎಣ್ಣೆ, ತುಪ್ಪ ಇರುವ ಊಟ ಮಾಡಿದಾಗ ಕರುಳಿನಿಂದ ಕೊಬ್ಬಿನ ಅಂಶವನ್ನು ಹೊತ್ತು ತರುವ ಈ ರಸ ಹಾಲಿನಂತೆ ಬೆಳ್ಳಗೆ ಕಾಣುತ್ತದೆ. ದೇಹದ ಬೇರೆ ಕಡೆ ಇದು ನೀರಿನಂತೆ ತಿಳಿಯಾಗಿರುತ್ತದೆ.

ಈ ರಸ ಎಲ್ಲಿಂದ ಬರುತ್ತದೆ? ಕೂದಲಿಗಿಂತ ಸಣ್ಣ ರಕ್ತನಾಳಗಳಿಂದ ನೀರಿನ ಅಂಶ ಸದಾ ಹೊರಗೆ ಜಿನುಗಿ, ಮಾಂಸ, ಚರ್ಮಗಳಿಗೆ ಆಹಾರ ಮುಟ್ಟಿಸುತ್ತದೆ. ಹೀಗೆ ಜಿನುಗಿದ್ದರಲ್ಲಿ ಒಂದು ಪಾಲನ್ನು, ದಿನಕ್ಕೆ ಕೆಲವು ಲೀಟರಿನಷ್ಟನ್ನು, ದುಗ್ಧನಾಳಗಳು ಎತ್ತಿಕೊಂಡು ಮತ್ತೆ ರಕ್ತಕ್ಕೆ ಸೇರಿಸುತ್ತವೆ. ಹೊಲಕ್ಕೆ ನೀರು ಹಾಯಿಸುವ ಕಾಲುವೆ ಒಂದು, ಹೆಚ್ಚಾದ ನೀರನ್ನು ಹೊರಗೆ ಒಯ್ಯುವ ಬಸಿಗಾಲುವೆ ಇನ್ನೊಂದು ಇರುತ್ತದಲ್ಲ, ಹಾಗೆಯೇ ಇದು. ಬಸಿಗಾಲುವೆ ಇಲ್ಲದಿದ್ದರೆ ಹೊಲ ಜೌಗಾಗುತ್ತದೆ. ದುಗ್ಧನಾಳ ಇಲ್ಲದಿದ್ದರೆ ಮೈ ಬಾತುಕೊಳ್ಳುತ್ತದೆ.

ಇನ್ನೊಂದು ಮುಖ್ಯ ವಿಷಯ. ರಕ್ತವನ್ನು ನೂಕಲು ಹೃದಯ ಎಂಬ ಪಂಪು ಇದೆ. ದುಗ್ಧರಸಕ್ಕೆ ಅಂಥ ದೊಡ್ಡ ಪಂಪು ಇಲ್ಲ. ನಾಳಗಳು ತಾವೇ ಸ್ವಲ್ಪ ಸ್ವಲ್ಪ ಹಿಂಡಿಕೊಂಡು ಅದನ್ನು ಮುಂದೆ ದೂಡುತ್ತವೆ. ನಾವು ನಡೆದಾಗ, ಕೈಕಾಲು ಆಡಿಸಿದಾಗ, ಆಳವಾಗಿ ಉಸಿರೆಳೆದಾಗ ಅದಕ್ಕೆ ಬಲ ಸಿಗುತ್ತದೆ. ಹಿಂದೆ ಹರಿಯದಂತೆ ನಾಳದೊಳಗೆ ಸಣ್ಣ ಸಣ್ಣ ಬಾಗಿಲುಗಳಿವೆ. ಹೀಗೆ ಪಾದದಿಂದ ಮೇಲೇರಿದ ರಸ ಕೊನೆಗೆ ಕುತ್ತಿಗೆಯ ಬುಡದಲ್ಲಿ ದೊಡ್ಡ ರಕ್ತನಾಳಕ್ಕೆ ಸೇರುತ್ತದೆ.

ದಾರಿಯಲ್ಲಿ ಇರುವ ಚೆಕ್‌ಪೋಸ್ಟುಗಳು

ಈ ರಸ ರಕ್ತಕ್ಕೆ ಸೇರುವ ಮೊದಲು ಶೋಧನೆ ಆಗಬೇಕು. ಅದಕ್ಕಾಗಿ ದಾರಿಯುದ್ದಕ್ಕೂ ಸಣ್ಣ ಗಂಟುಗಳಿವೆ. ಇವೇ ದುಗ್ಧಗ್ರಂಥಿಗಳು. ಮೈಯಲ್ಲಿ ಇಂಥವು ನೂರಾರು ಇವೆ. ಹೆಚ್ಚಿನವು ಬಟಾಣಿ, ಅವರೆಕಾಳಿನಷ್ಟು ಅಥವಾ ಅದಕ್ಕಿಂತ ಚಿಕ್ಕವು. ಕುತ್ತಿಗೆ, ಕಂಕುಳು, ತೊಡೆಸಂದಿ, ಹೊಟ್ಟೆಯ ಒಳಗೆ, ಎದೆಯ ಒಳಗೆ ಗುಂಪು ಗುಂಪಾಗಿವೆ. ಗಂಟಲಿನ ಎರಡೂ ಬದಿಯ ಟಾನ್ಸಿಲ್, ಎಡಗಡೆ ಪಕ್ಕೆಲುಬಿನ ಕೆಳಗಿರುವ ಗುಲ್ಮ ಇವೂ ಇದೇ ಕುಟುಂಬಕ್ಕೆ ಸೇರಿದವು.

ಕಾಲಿಗೆ ಮುಳ್ಳು ಚುಚ್ಚಿತು ಅಂದುಕೊಳ್ಳಿ. ಆಗ ಏನಾಗುತ್ತದೆ ನೋಡೋಣ.

1. ಮುಳ್ಳಿನ ಜೊತೆ ರೋಗಾಣುಗಳು ಚರ್ಮದ ಒಳಗೆ ಹೋಗುತ್ತವೆ. ಅಲ್ಲೇ ಕಾವಲಿಗಿರುವ ಕೆಲವು ಕಣಗಳು ಅವನ್ನು ನುಂಗಲು ಶುರು ಮಾಡುತ್ತವೆ.

2. ಸಹಾಯಕ್ಕೆ ರಕ್ತದಿಂದ ಬಿಳಿ ರಕ್ತಕಣಗಳು ಓಡಿ ಬರುತ್ತವೆ. ಆ ಜಾಗ ಕೆಂಪಾಗಿ, ಬಿಸಿಯಾಗಿ, ಬಾತು ನೋಯುತ್ತದೆ. ಕೀವು ಅಂದ್ರೆ ಈ ಯುದ್ಧದಲ್ಲಿ ಸತ್ತ ಬಿಳಿ ಕಣಗಳು ಮತ್ತು ರೋಗಾಣುಗಳು.

3. ಕೆಲವು ಕಣಗಳು ರೋಗಾಣುವಿನ ಒಂದು ತುಂಡನ್ನು ಹೊತ್ತು ದುಗ್ಧನಾಳದ ಮೂಲಕ ತೊಡೆಸಂದಿನ ಗಂಟಿಗೆ ಹೋಗುತ್ತವೆ. ಪೊಲೀಸರಿಗೆ ಕಳ್ಳನ ಗುರುತು ಹೇಳಿದ ಹಾಗೆ ಇದು.

4. ಗಂಟಿನಲ್ಲಿ ಬೇರೆ ಬೇರೆ ಬಗೆಯ ಸೈನಿಕ ಕಣಗಳು ಕಾಯುತ್ತಿರುತ್ತವೆ. ತಂದ ಗುರುತಿಗೆ ಹೊಂದುವ ಕಣ ಯಾವುದೋ ಅದು ಎಚ್ಚೆತ್ತು ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತದೆ. ಇದಕ್ಕೆ ಕೆಲವು ದಿನ ಬೇಕು. ಸಂತೆಯ ದಿನ ಊರು ತುಂಬಿದಂತೆ ಗಂಟು ತುಂಬಿ ಊದಿಕೊಳ್ಳುತ್ತದೆ.

5. ಹೊಸದಾಗಿ ಹುಟ್ಟಿದ ಸೈನಿಕರು ಮತ್ತು ಅವರು ತಯಾರಿಸಿದ ಪ್ರತಿಕಾಯ ಎಂಬ ಆಯುಧಗಳು ರಕ್ತಕ್ಕೆ ಸೇರಿ ಗಾಯದ ಜಾಗಕ್ಕೆ ಬಂದು ರೋಗಾಣುವನ್ನು ಮುಗಿಸುತ್ತವೆ.

ಕಾಲಿಗೆ ಮುಳ್ಳು ತಾಗಿದರೆ ತೊಡೆಸಂದಿನಲ್ಲಿ ಗಂಟು, ಕೈಗೆ ಗಾಯವಾದರೆ ಕಂಕುಳಲ್ಲಿ ಗಂಟು, ಹಲ್ಲು ಹುಳುಕಾದರೆ ದವಡೆಯ ಕೆಳಗೆ ಗಂಟು ಬರುವುದು ಇದೇ ಕಾರಣಕ್ಕೆ. ಅನೇಕ ಅಮ್ಮಂದಿರು ಗಂಟನ್ನೇ ರೋಗ ಅಂದುಕೊಂಡು ಉಜ್ಜುತ್ತಾರೆ, ಸುಣ್ಣ ಹಚ್ಚುತ್ತಾರೆ, ಕೆಲವು ಕಡೆ ಬರೆ ಹಾಕುವುದೂ ಉಂಟು. ಸಹೋದರಿಯರೇ, ಗಂಟು ಕಳ್ಳನಲ್ಲ, ಕಾವಲುಗಾರ. ಕಳ್ಳ ಇರುವುದು ಕೆಳಗಿನ ಗಾಯದಲ್ಲಿ. ಗಂಟನ್ನು ಹಿಸುಕಬೇಡಿ, ಗಾಯವನ್ನು ಹುಡುಕಿ. ಸೋಪು ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಮುಳ್ಳು, ಮೊಳೆ ಚುಚ್ಚಿದ್ದರೆ ಧನುರ್ವಾಯುವಿನ ಚುಚ್ಚುಮದ್ದು ಬೇಕೇ ಎಂದು ಆರೋಗ್ಯ ಕೇಂದ್ರದಲ್ಲಿ ಕೇಳಿ.

ದೇಹದ ನಡಾವಳಿ ಪುಸ್ತಕ

ನಮ್ಮ ಸಂಘದಲ್ಲಿ ಆದ ತೀರ್ಮಾನವನ್ನು ನಡಾವಳಿ ಪುಸ್ತಕದಲ್ಲಿ ಬರೆದಿಡುತ್ತೇವೆ. ಮುಂದೆ ಅದೇ ವಿಷಯ ಬಂದರೆ ಮೊದಲಿನಿಂದ ಚರ್ಚೆ ಮಾಡಬೇಕಾಗಿಲ್ಲ, ಪುಟ ತೆರೆದರೆ ಸಾಕು. ದೇಹವೂ ಹೀಗೇ ಮಾಡುತ್ತದೆ. ಯುದ್ಧ ಮುಗಿದ ಮೇಲೆ ಕೆಲವು ಕಣಗಳು ಆ ರೋಗಾಣುವಿನ ನೆನಪು ಇಟ್ಟುಕೊಂಡು ಉಳಿಯುತ್ತವೆ. ಅದೇ ರೋಗಾಣು ಮತ್ತೆ ಬಂದರೆ ಬೇಗ ಎದ್ದು ನಿಲ್ಲುತ್ತವೆ. ದಡಾರ ಒಮ್ಮೆ ಬಂದವರಿಗೆ ಸಾಮಾನ್ಯವಾಗಿ ಮತ್ತೆ ಬರದಿರುವುದು ಇದರಿಂದಲೇ.

ಮಕ್ಕಳಿಗೆ ಹಾಕಿಸುವ ಲಸಿಕೆ ಕೂಡ ಇದೇ ಕೆಲಸ ಮಾಡುತ್ತದೆ. ರೋಗ ಬರುವ ಮೊದಲೇ ದೇಹಕ್ಕೆ ಗುರುತು ತೋರಿಸಿ ಪುಸ್ತಕದಲ್ಲಿ ಬರೆಸಿಡುತ್ತದೆ. ಲಸಿಕೆ ಹಾಕಿದ ಮೇಲೆ ಸ್ವಲ್ಪ ಜ್ವರ ಬಂದರೆ ಸಾಮಾನ್ಯವಾಗಿ ದೇಹ ಪಾಠ ಕಲಿಯುತ್ತಿದೆ ಎಂದರ್ಥ. ಜ್ವರಕ್ಕೆ ಹೆದರಿ ಮುಂದಿನ ಲಸಿಕೆ ತಪ್ಪಿಸಬೇಡಿ.

ಬಸಿಗಾಲುವೆ ಕಟ್ಟಿಕೊಂಡರೆ: ಆನೆಕಾಲು ರೋಗ

ಈಗ ನಮ್ಮ ಆ ಸಹೋದರಿಯ ಕಾಲಿಗೆ ಬರೋಣ. ಆನೆಕಾಲು ರೋಗ ಶಾಪದಿಂದ ಬರುವುದಲ್ಲ, ಹಾವು ದಾಟಿದ್ದರಿಂದ ಬರುವುದಲ್ಲ, ತಾಯಿಯಿಂದ ಮಗಳಿಗೆ ವಂಶದಲ್ಲಿ ಬರುವುದೂ ಅಲ್ಲ. ಇದು ದಾರದಂಥ ಸಣ್ಣ ಹುಳುವಿನಿಂದ ಬರುತ್ತದೆ. ಹೊತ್ತು ತರುವುದು ಸೊಳ್ಳೆ. ನಮ್ಮಲ್ಲಿ ಹೆಚ್ಚಾಗಿ ಚರಂಡಿ, ಕೊಳಚೆ ಗುಂಡಿ, ಮುಚ್ಚಿಲ್ಲದ ಪಾಯಿಖಾನೆ ಗುಂಡಿಗಳ ಗಲೀಜು ನೀರಿನಲ್ಲಿ ಬೆಳೆಯುವ, ರಾತ್ರಿ ಕಚ್ಚುವ ಸೊಳ್ಳೆ.

ಸೊಳ್ಳೆ ಬಿಟ್ಟ ಮರಿಹುಳು ಮೈಯೊಳಗೆ ಹೋಗಿ ಎಲ್ಲಿ ಮನೆ ಮಾಡುತ್ತದೆ ಗೊತ್ತೇ? ದುಗ್ಧನಾಳದ ಒಳಗೇ. ಅಂದರೆ ಕಾವಲು ಪಡೆ ಓಡಾಡುವ ದಾರಿಯಲ್ಲೇ. ಅಲ್ಲಿ ಬೆಳೆದ ಹುಳು ಸುಮಾರು 6ರಿಂದ 8 ವರ್ಷ ಬದುಕಿ ಲಕ್ಷಾಂತರ ಮರಿಗಳನ್ನು ಹಾಕುತ್ತದೆ. ನಾಳಗಳು ಹಿಗ್ಗಿ, ಬಾಗಿಲುಗಳು ಕೆಟ್ಟು, ರಸ ಮೇಲೇರದೆ ಕೆಳಗೇ ನಿಲ್ಲುತ್ತದೆ. ಇದೆಲ್ಲ ಸದ್ದಿಲ್ಲದೆ ನಡೆಯುತ್ತದೆ. ಹುಳು ಮೈ ಸೇರುವುದು ಹಲವರಿಗೆ ಚಿಕ್ಕಂದಿನಲ್ಲೇ, ಬಾವು ಕಾಣುವುದು ಎಷ್ಟೋ ವರ್ಷದ ನಂತರ. ಹೆಂಗಸರಿಗೆ ಕಾಲು, ಕೈ, ಕೆಲವೊಮ್ಮೆ ಮೊಲೆ ಬಾಯಬಹುದು. ಗಂಡಸರಿಗೆ ವೃಷಣ ಬಾವು ಬರುತ್ತದೆ. ಅದಕ್ಕೆ ಶಸ್ತ್ರಚಿಕಿತ್ಸೆ ಇದೆ, ನಾಚಿಕೆಯಿಂದ ಮುಚ್ಚಿಡುವ ಅಗತ್ಯವಿಲ್ಲ.

ಮರಿಹುಳುಗಳು ರಾತ್ರಿ ಹೊತ್ತು ರಕ್ತದಲ್ಲಿ ತೇಲಿ ಬರುತ್ತವೆ. ಆರೋಗ್ಯ ಇಲಾಖೆಯವರು ರಾತ್ರಿ ಬಂದು ಬೆರಳು ಚುಚ್ಚಿ ರಕ್ತ ಪಡೆಯುವುದು ಅದಕ್ಕೇ. "ಹಗಲು ಬರಬಾರದಾ, ರಾತ್ರಿ ಯಾಕೆ ಬರ್ತಾರೆ?" ಎಂದು ಬಾಗಿಲು ಹಾಕಿಕೊಳ್ಳುವವರಿಗೆ ಈ ಕಾರಣ ತಿಳಿಸಿ.

ಇನ್ನು ಈ ಪಾಠದ ಅತಿ ಮುಖ್ಯ ಮಾತು. ಬಾತ ಕಾಲಿನಲ್ಲಿ ರಸ ನಿಂತಿದೆ, ಕಾವಲು ಕಣಗಳಿಗೆ ಸರಾಗ ದಾರಿಯಿಲ್ಲ. ಆಗ ಬೆರಳ ಸಂದಿನ ಒಂದು ಸಣ್ಣ ಬಿರುಕು ಸಾಕು, ಮಾಮೂಲಿ ರೋಗಾಣುಗಳು ಒಳಗೆ ನುಗ್ಗಿ ಬೆಳೆಯುತ್ತವೆ. ಚಳಿಜ್ವರ, ಕಾಲು ಕೆಂಪು, ತಡೆಯಲಾರದ ನೋವು. ಕೆಲವು ದಿನಕ್ಕೆ ಕಡಿಮೆಯಾಗುತ್ತದೆ, ಆದರೆ ಪ್ರತಿ ಸಲ ಇನ್ನಷ್ಟು ನಾಳಗಳು ಹಾಳಾಗಿ ಕಾಲು ಇನ್ನಷ್ಟು ದಪ್ಪವಾಗುತ್ತದೆ, ಚರ್ಮ ಗಟ್ಟಿಯಾಗುತ್ತದೆ. ಅಂದರೆ ಕಾಲನ್ನು ಆನೆಕಾಲು ಮಾಡುವುದು ಹುಳು ಒಂದೇ ಅಲ್ಲ. ಈ ಮರುಕಳಿಸುವ ನಂಜೂ ಹೌದು. ಹುಳು ಮಾಡಿದ ಹಾನಿಯನ್ನು ಪೂರ್ತಿ ಸರಿ ಮಾಡಲು ನಮ್ಮಿಂದಾಗದು, ಆದರೆ ನಂಜನ್ನು ತಡೆಯುವುದು ನಮ್ಮ ಕೈಯಲ್ಲಿದೆ. ಅದಕ್ಕೆ ಬೇಕಾದ್ದು ಒಂದು ತುಂಡು ಸೋಪು, ಒಂದು ಬಕೆಟ್ ನೀರು.

ಕಾಲಿನ ದಿನದ ಆರೈಕೆ

1. ದಿನಕ್ಕೆ ಎರಡು ಸಲ, ಆಗದಿದ್ದರೆ ರಾತ್ರಿ ಮಲಗುವ ಮುಂಚೆ ಒಂದು ಸಲವಾದರೂ, ಶುದ್ಧವಾದ ತಣ್ಣೀರು ಮತ್ತು ಸಾದಾ ಸೋಪಿನಿಂದ ಕಾಲು ತೊಳೆಯಿರಿ. ಬಿಸಿ ನೀರು ಬೇಡ. ಬ್ರಷ್, ಕಲ್ಲಿನಿಂದ ಉಜ್ಜಬೇಡಿ. ಬೆರಳ ಸಂದಿ, ಚರ್ಮದ ಮಡಿಕೆಗಳನ್ನು ಮರೆಯಬೇಡಿ.

2. ಮೆತ್ತಗಿನ ಹತ್ತಿ ಬಟ್ಟೆಯಿಂದ ಒತ್ತಿ ಒರೆಸಿ. ಬೆರಳ ಸಂದಿ ಒದ್ದೆ ಉಳಿಯಬಾರದು. ಒದ್ದೆ ಇದ್ದಲ್ಲೇ ಬಿರುಕು.

3. ಬಿರುಕು, ತುರಿಕೆ, ಬಿಳಿಚಿದ ಚರ್ಮ ಇದ್ದರೆ ಆರೋಗ್ಯ ಕೇಂದ್ರದಲ್ಲಿ ಕೊಡುವ ಮುಲಾಮು ಹಚ್ಚಿ. ಉಗುರನ್ನು ಚರ್ಮಕ್ಕೆ ತಾಗದಂತೆ ಹುಷಾರಾಗಿ ಕತ್ತರಿಸಿ.

4. ಕುಳಿತಾಗ, ಮಲಗಿದಾಗ ಕಾಲನ್ನು ಎತ್ತರದಲ್ಲಿಡಿ. ಕಾಲಿನ ಕಡೆ ಚಾಪೆಯ ಕೆಳಗೆ ಹಳೆ ಬಟ್ಟೆಯ ಗಂಟು ಇಟ್ಟರೂ ಸಾಕು. ಬಹಳ ಹೊತ್ತು ಕಾಲು ಇಳಿಬಿಟ್ಟು ಕೂರಬೇಡಿ. ಹೃದಯದ ಕಾಯಿಲೆ ಇದ್ದವರು ಕಾಲು ಎತ್ತಿಡುವ ಮೊದಲು ಡಾಕ್ಟರನ್ನು ಕೇಳಿ.

5. ಪಾದವನ್ನು ಮೇಲೆ ಕೆಳಗೆ, ಸುತ್ತಲೂ ಆಡಿಸಿ. ರೊಟ್ಟಿ ಬಡಿಯುವಾಗ, ತೊಗರಿ ಆರಿಸುವಾಗ ಕೂತಲ್ಲೇ ಮಾಡಬಹುದು.

6. ಸಡಿಲವಾದ ಚಪ್ಪಲಿ ಹಾಕದೆ ಹೊರಗೆ, ಹೊಲಕ್ಕೆ ಹೋಗಬೇಡಿ.

ಚಳಿಜ್ವರದ ಜೊತೆ ಕಾಲು ಕೆಂಪಾದಾಗ ವ್ಯಾಯಾಮ ನಿಲ್ಲಿಸಿ. ಕಾಲು ಎತ್ತರದಲ್ಲಿಟ್ಟು ವಿಶ್ರಾಂತಿ ಪಡೆಯಿರಿ, ತಣ್ಣೀರು ಬಟ್ಟೆ ಹಾಕಿ, ಸಾಕಷ್ಟು ನೀರು ಕುಡಿಯಿರಿ, ತಡಮಾಡದೆ ಡಾಕ್ಟರ ಹತ್ತಿರ ಹೋಗಿ. ಬಿಸಿ ಶಾಖ, ಸಗಣಿ, ಸೊಪ್ಪಿನ ಲೇಪ, ಬರೆ, ಬ್ಲೇಡಿನಿಂದ ಗೀರುವುದು ಯಾವುದೂ ಬೇಡ. ಇವೆಲ್ಲ ರೋಗಾಣುಗಳಿಗೆ ಹೊಸ ಬಾಗಿಲು ತೆರೆದಂತೆ.

ವರ್ಷಕ್ಕೊಮ್ಮೆಯ ಮಾತ್ರೆ

ಕರ್ನಾಟಕದಲ್ಲಿ ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು, ವಿಜಯಪುರ, ಬಾಗಲಕೋಟೆ ಜಿಲ್ಲೆಗಳು, ಕರಾವಳಿಯಲ್ಲಿ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳು ಈ ರೋಗ ಕಂಡ ಜಿಲ್ಲೆಗಳು. ದೇಶದಲ್ಲಿ 2004ರಿಂದ ಸಾಮೂಹಿಕ ಮಾತ್ರೆ ನುಂಗಿಸುವ ಕಾರ್ಯಕ್ರಮ ನಡೆಯುತ್ತಿದೆ. 2027ರೊಳಗೆ ರೋಗವನ್ನು ನಿರ್ಮೂಲ ಮಾಡುವುದು ಸರ್ಕಾರದ ಗುರಿ. ಡಿ.ಇ.ಸಿ. ಮತ್ತು ಆಲ್ಬೆಂಡಜೋಲ್ ಮಾತ್ರೆಗಳನ್ನು, ಕೆಲವು ಜಿಲ್ಲೆಗಳಲ್ಲಿ ಇವುಗಳ ಜೊತೆ ಐವರ್‌ಮೆಕ್ಟಿನ್ ಮಾತ್ರೆಯನ್ನೂ, ಉಚಿತವಾಗಿ ಕೊಡುತ್ತಾರೆ.

"ನನಗೇನೂ ಆಗಿಲ್ಲ, ನಾನ್ಯಾಕೆ ನುಂಗಲಿ?" ಎಂದು ಹಲವರು ಕೇಳುತ್ತಾರೆ. ಬಾವು ಇಲ್ಲದವರ ರಕ್ತದಲ್ಲೂ ಮರಿಹುಳು ಇರಬಹುದು. ಅವರನ್ನು ಕಚ್ಚಿದ ಸೊಳ್ಳೆ ಪಕ್ಕದ ಮನೆಯ ಮಗುವಿಗೆ ಅದನ್ನು ಒಯ್ಯುತ್ತದೆ. ಊರಿನ ಹೆಚ್ಚಿನವರು ನುಂಗಿದರೆ ಮಾತ್ರ ಸರಪಳಿ ಕಡಿಯುತ್ತದೆ. ಮಾತ್ರೆಯನ್ನು ಸೆರಗಿಗೆ ಕಟ್ಟಿಕೊಂಡು ಹೋಗಿ ಗೂಡಿನಲ್ಲಿ ಇಡಬೇಡಿ. ಊಟ ಮಾಡಿದ ಮೇಲೆ, ಆಶಾ ಕಾರ್ಯಕರ್ತೆಯ ಎದುರಿಗೇ ನುಂಗಿ. ಎಷ್ಟು ಮಾತ್ರೆ ಎಂದು ವಯಸ್ಸು, ಎತ್ತರ ನೋಡಿ ಅವರೇ ಹೇಳುತ್ತಾರೆ. ಎರಡು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ತೀವ್ರ ಕಾಯಿಲೆ ಇರುವವರು ನುಂಗಬಾರದು. ಹೆರಿಗೆಯಾಗಿ ಒಂದು ವಾರ ಕಳೆಯದ ಬಾಣಂತಿಯರು ಅದನ್ನು ಮೊದಲೇ ತಿಳಿಸಿ. ಕೆಲವರಿಗೆ ತಲೆನೋವು, ವಾಕರಿಕೆ, ಜ್ವರ ಬರಬಹುದು. ಹೆಚ್ಚಾಗಿ ಇದು ಮೈಯಲ್ಲಿದ್ದ ಹುಳುಗಳು ಸಾಯುವುದರಿಂದ ಆಗುವುದು, ಒಂದೆರಡು ದಿನದಲ್ಲಿ ಇಳಿಯುತ್ತದೆ. ಹೆಚ್ಚಾದರೆ ಆರೋಗ್ಯ ಕೇಂದ್ರಕ್ಕೆ ಹೋಗಿ.

ಯಾವ ಗಂಟಿಗೆ ಆಸ್ಪತ್ರೆಗೆ ಹೋಗಬೇಕು?

ನೆಗಡಿ, ಗಾಯ, ಹಲ್ಲುನೋವಿನಿಂದ ಬಂದ ಗಂಟು ಕಾರಣ ವಾಸಿಯಾದ ಮೇಲೆ ಕೆಲವು ವಾರಗಳಲ್ಲಿ ಇಳಿಯುತ್ತದೆ. ಆದರೆ ಈ ಕೆಳಗಿನವುಗಳನ್ನು ಕಡೆಗಣಿಸಬೇಡಿ.

- ಗಾಯದಿಂದ ಮೇಲಕ್ಕೆ ಚರ್ಮದಲ್ಲಿ ಕೆಂಪು ಗೆರೆ ಏರುತ್ತಿದ್ದರೆ, ಜೊತೆಗೆ ಜ್ವರ ಇದ್ದರೆ ಅದೇ ದಿನ ಹೋಗಿ. ನಂಜು ಚೆಕ್‌ಪೋಸ್ಟ್ ದಾಟಿ ರಕ್ತಕ್ಕೆ ಹೋಗುವ ಅಪಾಯವಿದೆ.

- ಕುತ್ತಿಗೆಯಲ್ಲಿ ಎರಡು ವಾರ ಕಳೆದರೂ ಇಳಿಯದ ಗಂಟುಗಳು. ಹಿರಿಯರು ಗಂಡಮಾಲೆ ಎನ್ನುತ್ತಿದ್ದ ಇದು ಹಲವು ಸಲ ಕ್ಷಯರೋಗ. ಕ್ಷಯ ಶ್ವಾಸಕೋಶಕ್ಕೆ ಮಾತ್ರ ಬರುವುದಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತ. ಪೂರ್ತಿ ಅವಧಿ ಔಷಧಿ ತೆಗೆದುಕೊಂಡರೆ ಗುಣವಾಗುತ್ತದೆ.

- ಕಂಕುಳಲ್ಲಿ ನೋವಿಲ್ಲದ, ಗಟ್ಟಿಯಾದ, ಬೆಳೆಯುವ ಗಂಟು, ಅಥವಾ ಮೊಲೆಯಲ್ಲಿ ಗಂಟು. ಮೊಲೆಯ ಕ್ಯಾನ್ಸರ್ ಹರಡುವಾಗ ಮೊದಲು ಸೇರುವುದು ಹೆಚ್ಚಾಗಿ ಕಂಕುಳಿನ ಗ್ರಂಥಿಗೇ. ನೋವಿಲ್ಲ ಎಂದು ಸುಮ್ಮನಿರಬೇಡಿ, ನೋವಿಲ್ಲದ ಗಂಟಿಗೇ ಹೆಚ್ಚು ಎಚ್ಚರ ಬೇಕು.

- ಗಂಟಿನ ಜೊತೆ ದಿನಗಟ್ಟಲೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು.

ಮೊಲೆಯ ಕ್ಯಾನ್ಸರಿಗಾಗಿ ಕಂಕುಳಿನ ಗ್ರಂಥಿ ತೆಗೆಸಿಕೊಂಡ ಸಹೋದರಿಯರ ಆ ಕಡೆಯ ಕೈಯೂ ಬಾಯಬಹುದು. ಅಲ್ಲಿಯೂ ಬಸಿಗಾಲುವೆ ಕಡಿದಿದೆ. ಆ ಕೈಗೆ ಗಾಯ, ಸುಟ್ಟಗಾಯ ಆಗದಂತೆ ನೋಡಿಕೊಳ್ಳಿ.

ಸಂಘ ಏನು ಮಾಡಬಹುದು?

ನಮ್ಮ ಆ ಸಂಘದ ಕಥೆ ಮುಗಿಸುತ್ತೇವೆ. ವಿಷಯ ತಿಳಿದ ಮೇಲೆ ಸದಸ್ಯೆಯರು ತಾವೇ ಕೂತು ಮಾತಾಡಿದರು. ಹಾಕಿದ ದಂಡ ವಾಪಸ್ಸು ಕೊಟ್ಟರು. ಸಾಲದ ಕಂತನ್ನು ಚಿಕ್ಕದು ಮಾಡಿದರು. ನಾಲ್ಕು ತಿಂಗಳು ಸಭೆಯನ್ನು ಅವರ ಮನೆಯ ಕಟ್ಟೆಯ ಮೇಲೇ ಮಾಡಿದರು. ಆರೋಗ್ಯ ಕಾರ್ಯಕರ್ತೆಯನ್ನು ಕರೆಸಿ ಎಲ್ಲರ ಎದುರು ಕಾಲು ತೊಳೆಯುವ ವಿಧಾನ ಕಲಿತರು. ಮೊದಲ ದಿನ ಆ ಸಹೋದರಿ ಸೀರೆ ಸರಿಸಲು ಒಪ್ಪಲಿಲ್ಲ. ಆಗ ಸಂಘದ ಹಿರಿಯ ಸದಸ್ಯೆ ತಾವೇ ತಂಬಿಗೆ ಹಿಡಿದು ಅವರ ಕಾಲ ಬಳಿ ಕೂತು, "ತಂಗಿ, ನಾನು ತೊಳಿತೀನಿ, ನೀ ಕುಂದ್ರು" ಎಂದರು. ಈ ರೋಗ ಮುಟ್ಟಿದರೆ, ಜೊತೆಗೆ ಉಂಡರೆ, ಪಕ್ಕ ಕೂತರೆ ಅಂಟುವುದಿಲ್ಲ ಎಂದು ನಾವು ಎಷ್ಟು ಸಲ ಹೇಳಿದ್ದರೂ, ಆ ಒಂದು ತಂಬಿಗೆ ನೀರು ಹೇಳಿದಷ್ಟು ಚೆನ್ನಾಗಿ ಹೇಳಲು ನಮ್ಮಿಂದ ಆಗಿರಲಿಲ್ಲ.

ಕಾಲು ಮೊದಲಿನಂತೆ ಆಗಲಿಲ್ಲ. ಅದು ಆಗುತ್ತದೆಂದು ನಾವು ಸುಳ್ಳು ಆಸೆ ಕೊಡುವುದಿಲ್ಲ. ಆದರೆ ಪದೇ ಪದೇ ಬರುತ್ತಿದ್ದ ಚಳಿಜ್ವರ ಬಹಳ ಕಡಿಮೆಯಾಯಿತು, ಬಾವು ಸ್ವಲ್ಪ ಇಳಿಯಿತು. ಊರಿನ ಚಪ್ಪಲಿ ಹೊಲಿಯುವವರು ಅಳತೆ ತೆಗೆದು ಅಗಲದ ಚಪ್ಪಲಿ ಹೊಲಿದುಕೊಟ್ಟರು. ಮತ್ತೆ ಕೂಲಿಗೆ ಹೋಗುವಂತಾದರು. ಈಗ ಸಭೆಯಲ್ಲಿ ಅವರು ಮುಂದಿನ ಸಾಲಿನಲ್ಲೇ ಕೂರುತ್ತಾರೆ. ಮಾತ್ರೆ ಕೊಡುವ ದಿನ ಮನೆ ಮನೆಗೆ ಹೋಗಿ, "ನನ್ನ ಕಾಲ ನೋಡ್ರಿ, ಆಮ್ಯಾಲ ಬ್ಯಾಡ ಅನ್ರಿ" ಎಂದು ಹೇಳುವವರೂ ಅವರೇ.

ಸಹೋದರಿಯರೇ, ನಮ್ಮ ಮೈಯೊಳಗೆ ಒಂದು ಕಡೆ ಮುಳ್ಳು ಚುಚ್ಚಿದರೆ ಇನ್ನೊಂದು ಕಡೆಯ ಗಂಟು ಎಚ್ಚರಗೊಳ್ಳುತ್ತದೆ. ಸಂಘವೂ ಹಾಗೇ ಇರಲಿ. ಸಭೆಗೆ ಬಾರದವರ ಹೆಸರಿನ ಮುಂದೆ ದಂಡ ಬರೆಯುವ ಮೊದಲು ಒಬ್ಬರು ಅವರ ಮನೆಗೆ ಹೋಗಿ ಬನ್ನಿ.

ಚರ್ಚೆಗೆ ಪ್ರಶ್ನೆಗಳು

1. ಕಾಲಿಗೆ ಗಾಯವಾದರೆ ತೊಡೆಸಂದಿನಲ್ಲಿ ಗಂಟು ಏಕೆ ಬರುತ್ತದೆ? ನಿಮ್ಮ ಮಾತಿನಲ್ಲಿ ಹೇಳಿ.

2. ಗಂಟಿಗೆ, ಬಾವಿಗೆ ನಮ್ಮ ಊರಿನಲ್ಲಿ ಏನೇನು ಮಾಡುತ್ತಾರೆ? ಅವುಗಳಲ್ಲಿ ಯಾವುದು ಸರಿ, ಯಾವುದು ಅಪಾಯ?

3. ಕಳೆದ ಸಲ ಆನೆಕಾಲು ರೋಗದ ಮಾತ್ರೆ ಕೊಟ್ಟಾಗ ನಮ್ಮ ಮನೆಯಲ್ಲಿ ಎಷ್ಟು ಜನ ನುಂಗಿದರು? ನುಂಗದವರು ಏಕೆ ನುಂಗಲಿಲ್ಲ?

4. ನಮ್ಮ ಓಣಿಯಲ್ಲಿ ನೀರು ನಿಲ್ಲುವ ಜಾಗಗಳು ಯಾವುವು? ಪಂಚಾಯಿತಿಗೆ ಅರ್ಜಿ ಕೊಡುವವರು ಯಾರು, ಯಾವ ದಿನ?

5. ಬಾವಿನಿಂದಲೋ, ಬೇರೆ ಕಾಯಿಲೆಯಿಂದಲೋ ಸಭೆಗೆ ಬಾರದೆ ಉಳಿದವರು ನಮ್ಮಲ್ಲಿ ಇದ್ದಾರೆಯೇ? ಈ ವಾರ ಅವರ ಮನೆಗೆ ಯಾರು ಹೋಗುತ್ತೀರಿ? ಹೆಸರನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ.